ಮಂಜುದೀಪಕ್ಕೂ ಒಂದು ಹೊತ್ತುಂಟು

ಕಡೂರು ದಾಟಿ ಬೀರೂರಿನ ಕಡೆಗೆ ರಾತ್ರಿಯ ವೇಳೆ ಕಾರು ನಡೆಸಿದವರಿಗೆ ಒಂದು ಅನುಭವ ತಪ್ಪಿದ್ದಲ್ಲ. ಆಕಾಶ ನಿರ್ಮಲವಾಗಿರುತ್ತದೆ, ನಕ್ಷತ್ರಗಳನ್ನು ಎಣಿಸಬಹುದು. ರಸ್ತೆಯ ಮೇಲೆ ಮಂಜಿನ ಸುಳಿವೇ ಇರುವುದಿಲ್ಲ. ಆದರೂ ಎದುರಿನಿಂದ ಬರುವ ವಾಹನವೊಂದು ಎರಡಲ್ಲ, ನಾಲ್ಕು ಕಣ್ಣು ಬಿಟ್ಟುಕೊಂಡು ಬರುತ್ತದೆ, ಮೇಲೆರಡು, ಕೆಳಗೆರಡು. ಕೆಳಗಿನವು ಮಂಜುದೀಪಗಳು. ಜನರ ಬಾಯಲ್ಲಿ ಅವಕ್ಕೆ ಫಾಗ್ ಲೈಟು ಎಂದೇ ಹೆಸರು. ಮಂಜಿಲ್ಲದ ರಾತ್ರಿಯಲ್ಲಿ ಅವು ಏಕೆ ಉರಿಯುತ್ತಿವೆ ಎಂದು ಆ ಚಾಲಕರನ್ನು ಕೇಳಿದರೆ, ‘ಇವೆಯಲ್ಲ, ಉರಿಯಲಿ’ ಎಂಬುದಕ್ಕಿಂತ ಹೆಚ್ಚಿನ ಉತ್ತರ ದೊರೆಯುವುದು ಕಷ್ಟ. ಹಣ ತೆತ್ತು ಕೊಂಡ ಕಾರಿನಲ್ಲಿರುವ ಗುಂಡಿಗಳನ್ನೆಲ್ಲ ಒಮ್ಮೆ ಒತ್ತಿಬಿಡಬೇಕೆಂಬ ಹಂಬಲ ಮನುಷ್ಯರಿಗೆ ಸಹಜವೇ.

ಆದರೆ ಮಂಜುದೀಪ ಕಾರಿನ ಒಡವೆಯಲ್ಲ. ಔಷಧದಂತೆ ಅದಕ್ಕೊಂದು ಹೊತ್ತು, ಒಂದು ಪಥ್ಯ ಉಂಟು. ಹೊತ್ತಲ್ಲದ ಹೊತ್ತಿನಲ್ಲಿ ಉರಿದರೆ ಉರಿಸಿದವರಿಗೂ ನಷ್ಟ, ಎದುರಿನವರಿಗೂ ಅಪಾಯ. ಇದನ್ನು ತಿಳಿಯಲು ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರಗಳಷ್ಟು ಅನುಕೂಲವಾದ ಸೀಮೆ ಮತ್ತೊಂದು ಸಿಕ್ಕಲಾರದು. ಒಂದು ಬರದ ಬಯಲು. ಒಂದು ಮಲೆನಾಡಿನ ಹೊಸ್ತಿಲು. ಮತ್ತೊಂದು ಎತ್ತಿನ ಗಾಡಿಗಳ ನಾಡು. ಒಂದೇ ಕಾರು ಈ ಮೂರೂರುಗಳನ್ನು ಸುತ್ತಿ ಬರುವಷ್ಟರಲ್ಲಿ ತನ್ನ ದೀಪಗಳನ್ನು ಮೂರು ಬಗೆಯಾಗಿ ನಡೆಸಿಕೊಳ್ಳಬೇಕಾಗುತ್ತದೆ.

ಬೆಂಗಳೂರಿನ ಕುಟುಂಬವೊಂದು ಫೆಬ್ರವರಿಯ ಒಂದು ಶುಕ್ರವಾರ ಸಂಜೆ ತರೀಕೆರೆಯ ಬಂಧುಗಳ ಮನೆಯ ಮದುವೆಗೆ ಹೊರಟಿದೆ ಎಂದಿಟ್ಟುಕೊಳ್ಳಬಹುದು. ಯಜಮಾನರು ಸ್ಟಿಯರಿಂಗ್ ಹಿಡಿದಿದ್ದಾರೆ, ಪಕ್ಕದಲ್ಲಿ ಪತ್ನಿ, ಹಿಂದಿನ ಆಸನದಲ್ಲಿ ವೃದ್ಧ ತಾಯಿ ಮತ್ತು ಇಬ್ಬರು ಮಕ್ಕಳು. ಶನಿವಾರ ಮದುವೆ. ಭಾನುವಾರ ಬೆಳಗಿನ ಜಾವ ಮಕ್ಕಳ ಒತ್ತಾಯಕ್ಕೆ ಕೆಮ್ಮಣ್ಣುಗುಂಡಿ. ಅಲ್ಲಿಂದಿಳಿದು ಅಜ್ಜಂಪುರದ ತಂಗಿಯ ಮನೆಯಲ್ಲಿ ರಾತ್ರಿಯ ಊಟ, ನಿದ್ದೆ. ಸೋಮವಾರ ಕಛೇರಿಯ ಹೊತ್ತಿಗೆ ಊರು ಸೇರಬೇಕಾದ್ದರಿಂದ ನಸುಕಿಗೇ ಪ್ರಯಾಣ. ಇಂಥ ಸಂಸಾರಗಳು ಆ ಹೆದ್ದಾರಿಗೆ ಹೊಸತಲ್ಲ.

ಕಡೂರಿನ ಬಯಲಿನಲ್ಲಿ

ಅರಸೀಕೆರೆ, ಬಾಣಾವರಗಳು ಹಿಂದೆ ಬಿದ್ದು ಕಡೂರು ಸಮೀಪಿಸುವಾಗ ರಾತ್ರಿ ಒಂಬತ್ತು ದಾಟಿದೆ. 1947ರವರೆಗೆ ಇಡೀ ಜಿಲ್ಲೆಗೇ ಕಡೂರು ಜಿಲ್ಲೆ ಎಂದು ಹೆಸರಿದ್ದಿತು. ಆದರೆ ಜಿಲ್ಲೆಯ ಕಾಫಿ, ಕಾಡು, ಮಳೆ ಯಾವುದೂ ಈ ತಾಲ್ಲೂಕಿನ ಬಯಲಿನ ಪಾಲಿಗೆ ಬರಲಿಲ್ಲ. ಪಡುವಣ ಗಾಳಿ ಹೊತ್ತು ತಂದ ನೀರನ್ನು ಬಾಬಾಬುಡನ್ ಗಿರಿಗಳು ತಾವೇ ಕುಡಿದು, ಉಳಿದ ಒಣಗಾಳಿಯನ್ನು ಮಾತ್ರ ಈಚೆಗೆ ದಾಟಿಸುತ್ತವೆ. ಆದ್ದರಿಂದ ವರ್ಷದ ಬಹುತೇಕ ರಾತ್ರಿಗಳಲ್ಲಿ ಇಲ್ಲಿನ ಗಾಳಿ ತಿಳಿಯಾಗಿರುತ್ತದೆ. ಮಂಜುದೀಪಕ್ಕೆ ಇಲ್ಲಿ ಕೆಲಸವಿಲ್ಲ.

ಕೆಲಸವಿಲ್ಲದಿದ್ದರೂ ಉರಿದರೆ ಏನಾಗುತ್ತದೆ? ಮಂಜುದೀಪದ ಕಿರಣ ಬೀಸಣಿಗೆಯಂತೆ ಅಗಲವಾಗಿ, ಆದರೆ ಚಪ್ಪಟೆಯಾಗಿ, ನೆಲಕ್ಕೆ ಅಂಟಿಕೊಂಡು ಹರಿಯುವಂತೆ ರಚಿತವಾಗಿದೆ. ಅದು ಬೆಳಗುವುದು ಕಾರಿನ ಮುಂದಿನ ಕೆಲವೇ ಮಾರು ರಸ್ತೆಯನ್ನು ಮತ್ತು ಎರಡೂ ಅಂಚುಗಳನ್ನು. ಹತ್ತಿರದ ನೆಲ ಹೀಗೆ ಥಳಥಳಿಸಿದಾಗ ಚಾಲಕನ ಕಣ್ಣಿನ ಪಾಪೆ ಆ ಬೆಳಕಿಗೆ ಹೊಂದಿಕೊಂಡು ಕಿರಿದಾಗುತ್ತದೆ. ಆಗ ದೂರದಲ್ಲಿ, ಹೆಡ್‌ಲೈಟಿನ ಕೊನೆಯಂಚಿನಲ್ಲಿ ಮಂಕಾಗಿ ನಿಂತಿರುವ ಎಮ್ಮೆಯೋ ಸೈಕಲ್ಲೋ ಅವನಿಗೆ ಕಾಣಿಸುವುದಿಲ್ಲ. ರಸ್ತೆ ಹಿಂದಿಗಿಂತ ಚೆನ್ನಾಗಿ ಕಾಣುತ್ತಿದೆ ಎಂಬ ಭ್ರಮೆ ಮಾತ್ರ ಉಂಟಾಗುತ್ತದೆ. ಆ ಭ್ರಮೆಯಲ್ಲಿ ಕಾಲು ಇನ್ನಷ್ಟು ಒತ್ತುತ್ತದೆ.

“ಏನೂಂದ್ರೆ, ಆ ಕೆಳಗಿನ ದೀಪ ಆರಿಸಬಾರದೆ? ಎದುರಿಗೆ ಬರೋರೆಲ್ಲ ಲೈಟು ಮಿಟುಕಿಸಿ ಹೋಗ್ತಿದ್ದಾರೆ,” ಎನ್ನುತ್ತಾರೆ ಗೃಹಿಣಿ.

“ಇರಲಿ ಬಿಡು. ರಸ್ತೆ ಚೆನ್ನಾಗಿ ಕಾಣುತ್ತೆ.”

“ಹತ್ತಿರದ್ದು ಕಾಣುತ್ತೆ. ದೂರದ್ದು?”

ಗೃಹಿಣಿಯ ಪ್ರಶ್ನೆಯಲ್ಲಿ ವಿಜ್ಞಾನವಿದೆ. ಕಾನೂನೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 105ನೆಯದರ ಪ್ರಕಾರ, ಸೂರ್ಯಾಸ್ತವಾದ ಅರ್ಧ ಗಂಟೆಯ ಮೇಲೂ, ಬೆಳಕು ಸಾಲದ ಬೇರಾವ ಹೊತ್ತಿನಲ್ಲೂ ವಾಹನದ ದೀಪಗಳು ಉರಿಯಬೇಕು; 155 ಮೀಟರು ಮುಂದಿರುವ ಮನುಷ್ಯರನ್ನೂ ವಾಹನಗಳನ್ನೂ ಅವು ಸ್ಪಷ್ಟವಾಗಿ ತೋರಿಸಬೇಕು. ಅಷ್ಟು ದೂರ ತೋರಿಸುವ ಹೊಣೆ ಹೆಡ್‌ಲೈಟಿನದು. ಮುಂದಿನ ನಿಯಮ, ಅಂದರೆ 106ನೆಯದು, ಎದುರಿನವರ ಕಣ್ಣಿನ ಪಕ್ಷ ವಹಿಸುತ್ತದೆ. ದೀಪದಿಂದ 8 ಮೀಟರು ಮುಂದೆ, ಅದರ ಬಲ ಅಂಚಿನಿಂದ ಅರ್ಧ ಮೀಟರು ಬಲಕ್ಕೆ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿ ಒಂದು ಕಣ್ಣಿದ್ದರೆ ಆ ಕಣ್ಣು ಕುಕ್ಕದಂತೆ ಬೆಳಕು ಕೆಳಗೆ ಬಾಗಿರಬೇಕು ಎಂದು ಅದರ ವಿಧಿ. ಆ ಲೆಕ್ಕವನ್ನು ಬರೆದವರ ಮನಸ್ಸಿನಲ್ಲಿ ಎದುರಿನ ಕಾರಿನಲ್ಲಿ ಕುಳಿತ ಒಬ್ಬ ಮನುಷ್ಯನ ಚಿತ್ರ ಇದ್ದಿರಲೇಬೇಕು. ಕಾಯಿದೆಯ ಪುಸ್ತಕಗಳಲ್ಲಿ ಇಷ್ಟು ಸ್ಪಷ್ಟವಾಗಿ ಮನುಷ್ಯನ ಕಣ್ಣು ಕಾಣಿಸಿಕೊಳ್ಳುವುದು ಅಪರೂಪ.

ಕುಕ್ಕಿದ ಕಣ್ಣು ತಿಳಿಯಾಗಲು ಕೆಲವು ಕ್ಷಣ ಬೇಕು. ಗಂಟೆಗೆ 60 ಕಿಲೋಮೀಟರು ಓಡುವ ವಾಹನ ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತದೆ. ಮೂರು ಸೆಕೆಂಡು ಕಣ್ಣು ಕತ್ತಲೆಗೂಡಿದರೆ 50 ಮೀಟರು ದಾರಿಯನ್ನು ಕುರುಡಾಗಿ ಕ್ರಮಿಸಿದಂತಾಯಿತು. ವಯಸ್ಸಾದವರಿಗೆ ಈ ಕಷ್ಟ ಇನ್ನೂ ಹೆಚ್ಚು. ಇಪ್ಪತ್ತರ ಹರೆಯದವನ ಕಣ್ಣಿನೊಳಕ್ಕೆ ಇಳಿಯುವ ಬೆಳಕಿನ ಸುಮಾರು ಮೂರನೆಯ ಒಂದು ಪಾಲು ಮಾತ್ರ ಅರವತ್ತು ದಾಟಿದವರ ಅಕ್ಷಿಪಟಲವನ್ನು ಮುಟ್ಟುತ್ತದೆ. ಮೊದಲೇ ಮಂಕಾದ ದೃಷ್ಟಿ ಕುಕ್ಕಿದ ಮೇಲೆ ಚೇತರಿಸಿಕೊಳ್ಳುವುದೂ ನಿಧಾನ. ಎದುರಿನ ಮೊಪೆಡ್ಡಿನಲ್ಲಿ ತೆಂಗಿನಕಾಯಿ ಚೀಲ ಹೇರಿಕೊಂಡು ಬರುತ್ತಿರುವ ಹಿರಿಯರಿಗೆ ಕಾರಿನ ನಾಲ್ಕು ದೀಪಗಳು ಹೇಗೆ ಕಂಡಾವು? ಅವರಿಗೆ ಆಗ ಕಾಣುವುದು ರಸ್ತೆಯಲ್ಲ, ಬೆಂಕಿ.

ಕಾರಿನ ಜೊತೆಗೆ ಬಂದ ಮಂಜುದೀಪ ಇಷ್ಟು ಮಾಡಿದರೆ, ಹೊರಗಿನ ಅಂಗಡಿಯಲ್ಲಿ ಕೊಂಡು ಬಂಪರಿಗೋ ಮಾಡಿಗೋ ಬಿಗಿಸಿದ ಎಲ್ಇಡಿ ಪಟ್ಟಿಗಳ ಮಾತು ಬೇರೆ ಹೇಳಬೇಕಾಗಿಲ್ಲ. ಅವನ್ನು ಮಂಜುದೀಪವೆಂದು ಮಾರುತ್ತಾರೆ. ವಾಸ್ತವವಾಗಿ ಅವು ಬೇಟೆಯ ದೀಪಗಳ ವಂಶಕ್ಕೆ ಸೇರಿದವು. ವಾಹನದ ಮುಂಭಾಗದಲ್ಲಿ ಸ್ಪಾಟ್ ಲೈಟು, ಸರ್ಚ್ ಲೈಟುಗಳನ್ನು ನೋಂದಣಿ ಅಧಿಕಾರಿಯ ಪೂರ್ವಾನುಮತಿಯಿಲ್ಲದೆ ಹಾಕಿಸಕೂಡದೆಂದು 111ನೆಯ ನಿಯಮ ಸಾರುತ್ತದೆ. ಕರ್ನಾಟಕದ ಪೊಲೀಸರು 2024ರ ಜುಲೈ 1ರಿಂದ ಕಣ್ಣು ಕುಕ್ಕುವ ಎಲ್ಇಡಿ ದೀಪಗಳ ಮೇಲೆ ರಾಜ್ಯದಾದ್ಯಂತ ಮೊಕದ್ದಮೆ ಹೂಡತೊಡಗಿದರು. ಮೋಟಾರು ವಾಹನ ಕಾಯಿದೆಯ 177ನೆಯ ಕಲಮಿನಂತೆ ಮೊದಲ ತಪ್ಪಿಗೆ 500 ರೂಪಾಯಿಯವರೆಗೆ, ಮತ್ತೆ ಮಾಡಿದರೆ 1500 ರೂಪಾಯಿಯವರೆಗೆ ದಂಡ. ದೀಪದ ಬೆಲೆಯ ಮುಂದೆ ಈ ದಂಡ ದೊಡ್ಡದಲ್ಲ; ಅದೇ ತೊಂದರೆ.

ಯಜಮಾನರು ಬೀರೂರು ಬರುವ ಮೊದಲು ಗುಂಡಿ ಒತ್ತಿ ಕೆಳಗಿನ ದೀಪಗಳನ್ನು ಆರಿಸುತ್ತಾರೆ. ಹೆಂಡತಿಯ ಮಾತಿಗಲ್ಲ, ತಮಗೇ ತೋಚಿತು ಎಂಬ ಮುಖಭಾವದಲ್ಲಿ.

ತರೀಕೆರೆಯ ತೋಟಗಳ ನಡುವೆ

ಬೀರೂರು ಕಳೆದು ತರೀಕೆರೆ ಹತ್ತಿರವಾದಂತೆ ಗಾಳಿಯ ಗುಣವೇ ಬದಲಾಗುತ್ತದೆ. ಅಡಕೆಯ ತೋಟಗಳು, ಕೆರೆಗಳು, ಪಡುವಣದಲ್ಲಿ ಲಕ್ಕವಳ್ಳಿಯ ಭದ್ರಾ ಜಲಾಶಯ, ಅದರ ನಾಲೆಗಳು. ನೆಲದಲ್ಲಿ ಸದಾ ತೇವ. ಚಳಿಗಾಲದ ಮೋಡವಿಲ್ಲದ ರಾತ್ರಿಯಲ್ಲಿ ನೆಲ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾದಾಗ, ಅದಕ್ಕೆ ತಾಗಿದ ತೇವದ ಗಾಳಿ ಹನಿಗಟ್ಟುತ್ತದೆ. ತಗ್ಗಿನಲ್ಲಿ, ನಾಲೆಯ ಸೇತುವೆಯ ಬಳಿ, ಕೆರೆಯ ಏರಿಯ ಕೆಳಗೆ ಮಂಜು ಹಾಲು ಚೆಲ್ಲಿದಂತೆ ನಿಲ್ಲುತ್ತದೆ. ಒಂದು ಫರ್ಲಾಂಗು ಮಂಜು; ಮತ್ತೆ ಎರಡು ಮೈಲಿ ತಿಳಿ. ಚಾಲಕನನ್ನು ಮೋಸಗೊಳಿಸುವುದು ಈ ತುಂಡು ಮಂಜೇ.

ಹವಾಮಾನ ಶಾಸ್ತ್ರಜ್ಞರ ಭಾಷೆಯಲ್ಲಿ ಸಾವಿರ ಮೀಟರಿಗಿಂತ ಕಡಿಮೆ ದೂರ ಕಾಣುತ್ತಿದ್ದರೆ ಅದು ಮಂಜು. ಆದರೆ ಎಂಟುನೂರು ಮೀಟರು ಕಾಣುವಾಗ ಮಂಜುದೀಪ ಹಾಕಿದರೆ ನಗೆಪಾಟಲು. ಬ್ರಿಟನ್ನಿನ ಹೆದ್ದಾರಿ ಸಂಹಿತೆ ಸುಮಾರು 100 ಮೀಟರಿನ ಆಚೆ ಕಾಣದಂತಾದಾಗ ಮಾತ್ರ ಈ ದೀಪವನ್ನು ಒಪ್ಪುತ್ತದೆ. ನೋಟ ತಿಳಿಯಾದೊಡನೆ ಆರಿಸಲೇಬೇಕೆಂದು ಕಟ್ಟುನಿಟ್ಟು ಮಾಡುತ್ತದೆ. ಜರ್ಮನಿಯಲ್ಲಿ ಹಿಂಬದಿಯ ಮಂಜುದೀಪಕ್ಕೆ ಇನ್ನೂ ಬಿಗಿಯಾದ ಕಟ್ಟಳೆ: 50 ಮೀಟರಿಗಿಂತ ಕಡಿಮೆ ಕಂಡರೆ ಮಾತ್ರ, ಆಗ ವೇಗವೂ ಗಂಟೆಗೆ 50 ಕಿಲೋಮೀಟರು ಮೀರಬಾರದು. ಅಲ್ಲಿನ ಹೆದ್ದಾರಿಗಳ ಬದಿಯಲ್ಲಿ 50 ಮೀಟರಿಗೊಂದರಂತೆ ಗುರುತಿನ ಕಂಬಗಳಿರುವುದರಿಂದ ಲೆಕ್ಕ ಸುಲಭ. ತರೀಕೆರೆಯ ಹಳ್ಳಿದಾರಿಯಲ್ಲಿ ಆ ಅನುಕೂಲವಿಲ್ಲದಿದ್ದರೂ ವಿದ್ಯುತ್ ಕಂಬಗಳಿವೆ. ಒಂದು ಕಂಬದ ಬಳಿ ನಿಂತರೆ ಮುಂದಿನದು ಕಂಡು ಅದರಾಚೆಯದು ಮಸುಕಾಗಿದ್ದರೆ ಮಂಜುದೀಪದ ಹೊತ್ತು ಬಂದಿತೆಂದು ತಿಳಿಯಬಹುದು. ಮುಂದಿನದೇ ಕಾಣದಿದ್ದರೆ ಪ್ರಯಾಣವನ್ನೇ ಮುಂದೂಡುವುದು ಮೇಲು. ಮದುವೆಯ ಮನೆಯಲ್ಲಿ ಇನ್ನೊಂದು ಲೋಟ ಕಾಫಿಗೆ ಯಾರೂ ಬೇಡವೆನ್ನುವುದಿಲ್ಲ.

ಬೆಟ್ಟದ ಮೇಲೆ ಬಿಳಿಯ ಗೋಡೆ

ಭಾನುವಾರ ನಸುಕಿನಲ್ಲಿ ಕಾರು ಲಿಂಗದಹಳ್ಳಿ ಕಳೆದು ಕಲ್ಲತ್ತಗಿರಿಯ ದಾರಿ ಹಿಡಿದು ಏರತೊಡಗುತ್ತದೆ. ಕೆಮ್ಮಣ್ಣುಗುಂಡಿ ಸಮುದ್ರಮಟ್ಟದಿಂದ 1434 ಮೀಟರು ಎತ್ತರ. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಗೆಯ ತಾಣವಾಗಿದ್ದ ಈ ಬೆಟ್ಟದ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅದಿರಿತ್ತು. ಭದ್ರಾವತಿಯ ಕಾರ್ಖಾನೆಯ ಕುಲುಮೆಗಳಿಗೆ ಅದು ಇಲ್ಲಿಂದಲೇ ಇಳಿದು ಹೋಗುತ್ತಿತ್ತು. ಇಲ್ಲಿಯ ಮಂಜು ಬಯಲಿನ ಮಂಜಲ್ಲ. ಇದು ಬೆಟ್ಟವನ್ನು ತಬ್ಬಿಕೊಂಡ ಮೋಡ. ಮಳೆಗಾಲದಲ್ಲಿ ಹಗಲು ಹನ್ನೆರಡಕ್ಕೂ ಇದು ದಾರಿ ಮುಚ್ಚೀತು.

ಒಂದು ತಿರುವು ಕಳೆಯುವಷ್ಟರಲ್ಲಿ ರಸ್ತೆ ಮಾಯವಾಗುತ್ತದೆ. ಹೊಸ ಚಾಲಕರು ಆಗ ಮಾಡುವ ಮೊದಲ ಕೆಲಸ ಹೆಡ್‌ಲೈಟನ್ನು ಫುಲ್ ಮಾಡುವುದು. ಕತ್ತಲೆಯಲ್ಲಿ ಹೆಚ್ಚು ಬೆಳಕು ಬೇಕೆಂಬ ಬುದ್ಧಿ ಸರಿಯೇ. ಆದರೆ ಮಂಜು ಕತ್ತಲೆಯಲ್ಲ. ಅದು ಅಸಂಖ್ಯ ನೀರ ಹನಿಗಳ ತೆರೆ. ಪ್ರತಿಯೊಂದು ಹನಿಯೂ ತನ್ನ ಮೇಲೆ ಬಿದ್ದ ಬೆಳಕನ್ನು ಚದುರಿಸಿ ಒಂದಿಷ್ಟನ್ನು ಚಾಲಕನ ಕಣ್ಣಿಗೇ ಮರಳಿಸುತ್ತದೆ. ದೀಪ ಹೆಚ್ಚಿದಷ್ಟೂ ಮುಂದೆ ಬಿಳಿಯ ಗೋಡೆ ದಪ್ಪವಾಗುತ್ತದೆ. ಆದ್ದರಿಂದ ಮಂಜಿನಲ್ಲಿ ಮೊದಲ ನಿಯಮ ದೀಪವನ್ನು ತಗ್ಗಿಸುವುದು. ಡಿಪ್ ಮಾಡಿದ ಹೆಡ್‌ಲೈಟು, ಅದರ ಕೆಳಗೆ ಮಂಜುದೀಪ: ಇವೆರಡೂ ಸೇರಿ ತಕ್ಕಮಟ್ಟಿಗೆ ದಾರಿ ತೋರಿಸುತ್ತವೆ.

ಮಂಜುದೀಪವನ್ನು ಬಂಪರಿನ ಅಷ್ಟು ಕೆಳಗೆ ಇಟ್ಟಿರುವುದರ ಗುಟ್ಟು ಇಲ್ಲಿದೆ. ಯುರೋಪಿನ ಮಾನಕಗಳಂತೆ ಕಾರಿನಲ್ಲಿ ಅದು ನೆಲದಿಂದ 25 ಸೆಂಟಿಮೀಟರಿಗಿಂತ ಮೇಲೆ, 80 ಸೆಂಟಿಮೀಟರಿಗಿಂತ ಕೆಳಗೆ ಇರಬೇಕು. ದೀಪ ಕೆಳಗಿದ್ದು ಚಾಲಕನ ಕಣ್ಣು ಮೇಲಿದ್ದರೆ, ಹನಿಗಳಿಂದ ನೇರವಾಗಿ ಹಿಂದಿರುಗುವ ಬೆಳಕು ಕಣ್ಣನ್ನು ತಪ್ಪಿಸಿ ಹೋಗುತ್ತದೆ. ಕಿರಣದ ಮೇಲಂಚನ್ನು ಕತ್ತರಿಸಿದಂತೆ ಚಪ್ಪಟೆ ಮಾಡಿರುವುದೂ ಇದಕ್ಕಾಗಿಯೇ. ಹಾಗೆಂದು ಅದು ಮಂಜನ್ನು ಸೀಳಿ ದೂರ ತೋರಿಸುತ್ತದೆಂದು ನಂಬಿದವರು ಕೆಟ್ಟರು. ಅದು ತೋರಿಸುವುದು ರಸ್ತೆಯ ಅಂಚು, ಬಿಳಿಯ ಗೆರೆ, ತಿರುವಿನ ತಡೆಗಲ್ಲು, ಇಷ್ಟೇ. ಪ್ರಪಾತದ ಬದಿಯಲ್ಲಿ ಅಷ್ಟು ಕಂಡರೂ ಸಾಕೆನಿಸುತ್ತದೆ.

ಹಳದಿ ದೀಪವೇ ಮಂಜಿಗೆ ಮದ್ದು ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಬಲವಾಗಿದೆ. ಫ್ರಾನ್ಸಿನಲ್ಲಂತೂ 1930ರ ದಶಕದ ಉತ್ತರಾರ್ಧದಿಂದ 1993ರವರೆಗೆ ಹೆಡ್‌ಲೈಟುಗಳೇ ಹಳದಿಯಾಗಿರಬೇಕೆಂಬ ಕಾನೂನಿದ್ದಿತು. ಆದರೆ ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡವು. ಅವು ಬಿಳಿ ಹಳದಿಗಳೆಂಬ ಭೇದವೆಣಿಸದೆ ಎಲ್ಲವನ್ನೂ ಚದುರಿಸುತ್ತವೆ. ಕೆಲವರ ಕಣ್ಣಿಗೆ ಹಳದಿ ಹಿತವೆನಿಸಿದರೆ ಅದು ಬೇರೆ ಮಾತು. ದೀಪದ ಬಣ್ಣಕ್ಕಿಂತ ಅದನ್ನು ಕೂರಿಸಿದ ಕೋನ ಮುಖ್ಯ. ಮೂಗು ಮೇಲೆತ್ತಿ ನಿಂತ ಮಂಜುದೀಪ ಯಾವ ಬಣ್ಣದ್ದಾದರೂ ಕೆಡುಕೇ.

ವೇಗದ ವಿಷಯದಲ್ಲಿ ಲೆಕ್ಕ ಮೋಸ ಮಾಡುವುದಿಲ್ಲ. ಒಣ ರಸ್ತೆಯಲ್ಲಿ ಗಂಟೆಗೆ 80 ಕಿಲೋಮೀಟರು ಓಡುವ ಕಾರು, ಚಾಲಕ ಅಪಾಯ ಕಂಡ ಕ್ಷಣದಿಂದ ನಿಲ್ಲುವವರೆಗೆ 50 ಮೀಟರಿಗೂ ಹೆಚ್ಚು ಓಡಿರುತ್ತದೆ. ನೋಟ 30 ಮೀಟರಿದ್ದಾಗ ಈ ವೇಗದಲ್ಲಿ ಹೋಗುವವನು ಮುಂದಿರುವುದನ್ನು ಕಂಡ ಮೇಲೂ ಅದಕ್ಕೆ ಡಿಕ್ಕಿ ಹೊಡೆಯಲೇಬೇಕು. ಎಷ್ಟು ನಿಪುಣನಾದರೂ ಫಲ ಒಂದೇ. ಘಟ್ಟದ ಮಂಜಿನಲ್ಲಿ ಎರಡನೆಯ ಗೇರು, ಇಪ್ಪತ್ತರ ಆಸುಪಾಸಿನ ವೇಗ, ಕಿಟಕಿಯ ಗಾಜು ನಾಲ್ಕು ಬೆರಳು ಕೆಳಗೆ, ತಿರುವಿಗೆ ಮೊದಲು ಒಂದು ಹಾರನ್ನು. ರೇಡಿಯೋ ಮುಚ್ಚಿರಲಿ. ಕಣ್ಣು ಸೋತ ಕಡೆ ಕಿವಿ ನೆರವಾಗುತ್ತದೆ.

ರೈಲ್ವೆಯವರು ಇದನ್ನು ಬಹು ಹಿಂದೆಯೇ ಕಂಡುಕೊಂಡರು. ಬೀರೂರು ಜಂಕ್ಷನ್ನಿನಿಂದ ಅಜ್ಜಂಪುರದ ಮೇಲೆ ಹುಬ್ಬಳ್ಳಿಗೆ ಹೋಗುವ ಹಳಿಗಳಿಗೂ, ಉತ್ತರದ ಗಂಗಾ ಬಯಲಿನ ಹಳಿಗಳಿಗೂ ಒಂದೇ ನಿಯಮ ಪುಸ್ತಕ. ಸ್ಟೇಷನ್ ಮಾಸ್ಟರು ತಾವು ನಿಂತಲ್ಲಿಂದ 180 ಮೀಟರಿಗೆ ಕಡಿಮೆಯಿಲ್ಲದ ದೂರದಲ್ಲಿ ಗೊತ್ತುಮಾಡಿದ ಒಂದು ವಸ್ತುವನ್ನು ನೋಡುತ್ತಾರೆ. ಅದು ಕಾಣದಿದ್ದರೆ ಮಂಜು ಕವಿದಿದೆ ಎಂದು ಅರ್ಥ. ಆಗ ಸಿಗ್ನಲ್ಲಿಗೆ 270 ಮೀಟರು ಮೊದಲೇ, ಹತ್ತು ಮೀಟರು ಅಂತರದಲ್ಲಿ, ಹಳಿಯ ಮೇಲೆ ಎರಡು ಪಟಾಕಿಗಳನ್ನು ಇಡಿಸುತ್ತಾರೆ. ಎಂಜಿನ್ನಿನ ಗಾಲಿ ಹತ್ತಿದೊಡನೆ ಅವು ಸಿಡಿದು, ಸಿಗ್ನಲು ಹತ್ತಿರವಿದೆಯೆಂದು ಚಾಲಕನ ಕಿವಿಗೆ ಸಾರುತ್ತವೆ. ಅಷ್ಟು ದೊಡ್ಡ ಹೆಡ್‌ಲೈಟಿರುವ ಎಂಜಿನ್ನೂ ಮಂಜಿನಲ್ಲಿ ತನ್ನ ದೀಪವನ್ನೇ ನೆಚ್ಚಿ ಹೊರಡುವುದಿಲ್ಲ.

ಹಿಂದಿನಿಂದ ಬರುವವರು

ಇಷ್ಟು ಹೊತ್ತೂ ಮಾತು ಮುಂದಿನ ದೀಪದ್ದಾಯಿತು. ಮಂಜಿನಲ್ಲಿ ಸಾವು ಹೆಚ್ಚಾಗಿ ಬರುವುದು ಹಿಂದಿನಿಂದ. 2023ರ ಅಕ್ಟೋಬರ್ 26ರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಬಳಿ, ಬೆಂಗಳೂರು–ಹೈದರಾಬಾದ್ ಹೆದ್ದಾರಿಯಲ್ಲಿ, ದಟ್ಟವಾದ ಮಂಜು ಕವಿದಿತ್ತು. ನಿಂತಿದ್ದ ಟ್ಯಾಂಕರ್ ಲಾರಿಯೊಂದಕ್ಕೆ ಹಿಂದಿನಿಂದ ಬಂದ ಟಾಟಾ ಸುಮೋ ಡಿಕ್ಕಿ ಹೊಡೆದು 13 ಜನ ಮಡಿದರು. ಮರುವರ್ಷ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಹೆದ್ದಾರಿಯಲ್ಲಿ ಟೆಂಪೊ ಟ್ರಾವೆಲರೊಂದು ನಿಂತ ಲಾರಿಗೆ ಹಿಂದಿನಿಂದ ಅಪ್ಪಳಿಸಿ ಮತ್ತೆ 13 ಜನ ಹೋದರು. ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದ ಅವರು ತರೀಕೆರೆಯ ನೆರೆಯ ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯವರು. ಒಂದೇ ಊರಿನ ಮನೆಮನೆಗಳಲ್ಲಿ ದೀಪ ಆರಿತು.

ಹಿಂಬದಿಯ ಮಂಜುದೀಪವಿರುವುದು ಇಂಥ ಗಳಿಗೆಗಾಗಿ. ಅದು ಮಾಮೂಲಿನ ಹಿಂದಿನ ಕೆಂಪು ದೀಪಕ್ಕಿಂತ ಅನೇಕ ಪಟ್ಟು ಪ್ರಖರ. ಮಂಜಿನಲ್ಲಿ ಹಿಂದಿನವನಿಗೆ ‘ಇಲ್ಲಿ ಒಂದು ವಾಹನವಿದೆ’ ಎಂದು ದೂರದಿಂದಲೇ ಕೂಗಿ ಹೇಳುತ್ತದೆ. ಮಂಜಿಲ್ಲದಾಗಲೂ ಅದನ್ನು ಉರಿಯಬಿಟ್ಟರೆ ಬ್ರೇಕಿನ ದೀಪ ಯಾವುದು, ಇದು ಯಾವುದು ಎಂದು ಹಿಂದಿನವನಿಗೆ ತಿಳಿಯದು. ಬ್ರೇಕು ಒತ್ತಿದ್ದೂ ಅವನ ಅರಿವಿಗೆ ಬಾರದು. ಎಷ್ಟೋ ಕಾರುಗಳಲ್ಲಿ ಈ ದೀಪ ಉರಿಯುತ್ತಿರುವುದು ಒಡೆಯರಿಗೇ ಗೊತ್ತಿರುವುದಿಲ್ಲ. ಗುರುತು ಸುಲಭ: ಡ್ಯಾಷ್‌ಬೋರ್ಡಿನಲ್ಲಿ ಅಲೆಯ ಗೆರೆಯೊಂದು ಕಿರಣಗಳನ್ನು ಅಡ್ಡ ಸೀಳಿದಂತಿರುವ ದೀಪದ ಚಿತ್ರ ಹಸಿರಾಗಿ ಬೆಳಗಿದರೆ ಮುಂದಿನ ಮಂಜುದೀಪ, ಅರಿಸಿನದ ಬಣ್ಣದಲ್ಲಿ ಬೆಳಗಿದರೆ ಹಿಂದಿನದು.

ನಾಲ್ಕೂ ಮೂಲೆಯ ದೀಪಗಳನ್ನು ಮಿಟುಕಿಸುತ್ತ ಮಂಜಿನಲ್ಲಿ ಸಾಗುವ ಚಾಳಿ ಘಟ್ಟದ ಪ್ರವಾಸಿಗಳಲ್ಲಿ ಬಹಳ. ಆ ಸಂಕೇತ ಕೆಟ್ಟು ನಿಂತ ವಾಹನದ್ದು. ಓಡುವ ಕಾರು ಅದನ್ನು ಹಾಕಿಕೊಂಡರೆ ಎಡಕ್ಕೋ ಬಲಕ್ಕೋ ತಿರುಗುವ ಸೂಚನೆ ಕೊಡಲಾಗದು. ಹಿಂದಿನವರಿಗೆ ಅದು ನಿಂತಿದೆಯೋ ಓಡುತ್ತಿದೆಯೋ ತಿಳಿಯದು. ನಿಲ್ಲಲೇಬೇಕಾದರೆ ಡಾಮರು ಬಿಟ್ಟು ಪೂರ್ತಿ ಕೆಳಗಿಳಿಸಿ ನಿಲ್ಲಿಸಿ, ಆಗ ಅದನ್ನು ಮಿಟುಕಿಸಬೇಕು. ಮುಂದಿನ ಬಸ್ಸಿನ ಕೆಂಪು ದೀಪವನ್ನೇ ಹಿಡಿದು ಹಿಂದೆ ಹಿಂದೆ ಹೋಗುವವರೂ ಉಂಟು. ಬಸ್ಸಿನ ಚಾಲಕ ದಾರಿ ತಪ್ಪಿದರೆ ಇವರೂ ತಪ್ಪುತ್ತಾರೆ.

ಅಜ್ಜಂಪುರದ ಗಾಡಿಗಳು

ಬೆಟ್ಟದಿಂದಿಳಿದ ಕುಟುಂಬ ಸಂಜೆಗೆ ಅಜ್ಜಂಪುರ ಸೇರುತ್ತದೆ. ಕೆಲವು ವರ್ಷಗಳ ಹಿಂದಿನವರೆಗೆ ತರೀಕೆರೆಗೆ ಸೇರಿದ್ದ ಈ ಊರು ಈಗ ತಾನೇ ತಾಲ್ಲೂಕು. ಈರುಳ್ಳಿಯ ಹೊಲಗಳು, ಅಮೃತಮಹಲ್ ಕಾವಲುಗಳು, ಹೆಸರಾಂತ ಅಮೃತಮಹಲ್ ತಳಿ ಸಂವರ್ಧನ ಕೇಂದ್ರ. ಎತ್ತು ಇಲ್ಲಿ ಇನ್ನೂ ರಸ್ತೆಯ ಹಕ್ಕುದಾರ. ಫೆಬ್ರವರಿಯ ಸುಮಾರಿಗೆ ನಡೆಯುವ ಅಂತರಘಟ್ಟೆಯ ದುರ್ಗಾಂಬೆಯ ಜಾತ್ರೆಗೆ ಸುತ್ತಿನ ಜಿಲ್ಲೆಗಳಿಂದಲೂ ಪಾನಕದ ಬಂಡಿಗಳು ಸಾಲುಗಟ್ಟಿ ಬರುತ್ತವೆ. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಬಂಡಿಯೊಳಗೆ ಹೆಂಗಸರು ಮಕ್ಕಳು.

ಇವುಗಳಿಗೆ ಹಿಂದಿನ ದೀಪವೆಲ್ಲಿಯದು? ಕೆಲವರು ಪ್ರತಿಫಲಕದ ಕೆಂಪು ಪಟ್ಟಿ ಅಂಟಿಸಿರುತ್ತಾರೆ. ಕೆಲವರು ಲಾಂದ್ರ ತೂಗಿಸಿರುತ್ತಾರೆ. ಹಲವರು ದೇವಿಯ ಮೇಲೆ ಭಾರ ಹಾಕಿ ಹೊರಟಿರುತ್ತಾರೆ. ಈರುಳ್ಳಿ ಚೀಲ ಹೇರಿದ ಟ್ರಾಕ್ಟರಿನ ಟ್ರೇಲರಿಗೆ ದೀಪವಿದ್ದರೂ ಚೀಲಗಳ ಹಿಂದೆ ಅದು ಅಡಗಿರುವುದುಂಟು. ನಸುಕಿನ ಮಂಜಿನಲ್ಲಿ ಇಂಥ ಗಾಡಿಯ ಹಿಂದೆ ಬಂದ ಕಾರಿಗೆ ಮಂಜುದೀಪ ಸಾರ್ಥಕವಾಗುವುದು ಇಲ್ಲಿಯೇ. ಅಗಲವಾಗಿ ನೆಲದ ಮೇಲೆ ಹರಡಿದ ಅದರ ಬೆಳಕಿಗೆ ಮೊದಲು ಸಿಕ್ಕುವುದು ಗಾಡಿಯ ಚಕ್ರ, ಅಂಚಿನಲ್ಲಿ ನಡೆಯುವವರ ಪಾದ, ಕುರಿ ಹಿಂಡಿನ ಕಾಲುಗಳು. ಎತ್ತರದ ಹೆಡ್‌ಲೈಟಿಗೆ ಅಷ್ಟು ಹೊತ್ತಿಗೆ ಕಾಣುವುದು ಬರಿಯ ಬಿಳುಪು.

ಎದುರಿನಿಂದ ಗಾಡಿ ಬಂದರೆ ದೀಪ ತಗ್ಗಿಸುವ ಸೌಜನ್ಯವನ್ನು ಅನೇಕರು ಮರೆಯುತ್ತಾರೆ. ಕಾರಿಗೆ ತಗ್ಗಿಸುವ ಕೈ ಗಾಡಿಗೆ ತಗ್ಗುವುದಿಲ್ಲ. ಮರಳಿ ಮಿಟುಕಿಸಿ ಛೀಮಾರಿ ಹಾಕಲು ಗಾಡಿಯವನ ಬಳಿ ಸ್ವಿಚ್ಚಿಲ್ಲವಲ್ಲ! ಆದರೆ ಎತ್ತಿಗೂ ಕಣ್ಣು ಕುಕ್ಕುತ್ತದೆ. ಬೆದರಿದ ಎತ್ತು ಬಂಡಿಯನ್ನು ಎತ್ತ ಎಳೆದೀತೆಂದು ಹಗ್ಗ ಹಿಡಿದವನೂ ಹೇಳಲಾರ.

ಹೊರಡುವ ಮುನ್ನಿನ ಎರಡು ನಿಮಿಷದ ಕೆಲಸವೊಂದು ಈ ಎಲ್ಲಕ್ಕೂ ಅಡಿಗಲ್ಲು. ಕಾರನ್ನು ಮನೆಯ ಕಾಂಪೌಂಡು ಗೋಡೆಗೆದುರಾಗಿ ಸಮನೆಲದಲ್ಲಿ ಎಂಟು ಮೀಟರು ಹಿಂದೆ ನಿಲ್ಲಿಸಿ ದೀಪ ಹಾಕಿದರೆ, ಮಂಜುದೀಪದ ಬೆಳಕಿನ ಮೇಲಂಚು ಗೋಡೆಯ ಮೇಲೆ ದೀಪ ಇರುವಷ್ಟು ಎತ್ತರಕ್ಕಿಂತ ಕೆಳಗೇ ನಿಲ್ಲಬೇಕು. ಮೇಲೇರಿದ್ದರೆ ಮೆಕ್ಯಾನಿಕ್ಕಿನ ಬಳಿ ತಗ್ಗಿಸಿಕೊಳ್ಳಬೇಕು. ಕೆಸರು ಮೆತ್ತಿದ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಮುಂದಿನ ಗಾಜಿನ ಒಳಗಡೆಯೂ ಒರೆಸಿದರೆ ಲೇಸು, ಮಂಜೆಂದು ಭಾವಿಸುವುದರಲ್ಲಿ ಅರ್ಧ ಪಾಲು ಒಳಗೆ ಕುಳಿತವರ ಉಸಿರೇ ಆಗಿರುತ್ತದೆ.

ಸೋಮವಾರ ಬೆಳಗಿನ ಜಾವ ನಾಲ್ಕಕ್ಕೆ ತಂಗಿಯ ಮನೆಯಿಂದ ಕಾರು ಹೊರಡುತ್ತದೆ. ಊರ ಹೊರಗಿನ ಕೆರೆಯ ಏರಿಯ ಬಳಿ ಮಂಜು ಮುಸುಕಿದೆ. ಯಜಮಾನರು ಹೆಡ್‌ಲೈಟು ತಗ್ಗಿಸಿ, ಮಂಜುದೀಪ ಹಾಕಿ, ನಿಧಾನವಾಗಿ ಸಾಗುತ್ತಾರೆ. ಗೆಜ್ಜೆಯ ಸದ್ದು ಮೊದಲು ಕೇಳಿಸುತ್ತದೆ. ಆಮೇಲೆ ಎಡ ಅಂಚಿನಲ್ಲಿ ಒಂದು ಚಕ್ರ, ಮತ್ತೊಂದು ಚಕ್ರ. ಮೂರು ಬಂಡಿಗಳು. ಕಾರು ನಿಂತು, ಬಲಗಡೆ ತೆರವಾದುದನ್ನು ನೋಡಿಕೊಂಡು, ಅವನ್ನು ದಾಟುತ್ತದೆ. ಮಕ್ಕಳು ನಿದ್ದೆಯಲ್ಲಿದ್ದಾರೆ.

ಬೀರೂರು ಕಳೆಯುವ ಹೊತ್ತಿಗೆ ಆಕಾಶದಲ್ಲಿ ನಕ್ಷತ್ರಗಳು. ಹಿಂದಿನ ಆಸನದಿಂದ ತಾಯಿಯ ದನಿ ಬರುತ್ತದೆ: “ಏನಪ್ಪಾ, ಮಂಜು ಆಗಲೇ ಹೋಯ್ತಲ್ಲೋ. ಆ ಹಸಿರು ದೀಪ ಇನ್ನೂ ಉರೀತಾ ಇದೆ?”

ಯಜಮಾನರ ಬೆರಳು ಗುಂಡಿಯತ್ತ ಹೋಗುತ್ತದೆ. ಎದುರಿನಿಂದ ಬರುತ್ತಿದ್ದ ಲಾರಿ ತನ್ನ ದೀಪವನ್ನೂ ತಗ್ಗಿಸಿಕೊಂಡು ತರೀಕೆರೆಯ ಕಡೆಗೆ ಹಾದುಹೋಗುತ್ತದೆ.